ಟ್ಯಾಂಕು ಹಾರಿದ ಮಧ್ಯಾಹ್ನ

ನಾನು ವಕೀಲಳಾಗಿ ಆಗ ಮೂರು ತಿಂಗಳಾಗಿತ್ತು. ಬಳ್ಳಾರಿಯ ಬಿಸಿಲಿನಲ್ಲಿ ಕರಿ ಕೋಟು ತೊಟ್ಟುಕೊಂಡೇ ತರಕಾರಿ ತರಲು ಹೋಗುತ್ತಿದ್ದೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ ಎಂದು ಅಮ್ಮ ನನಗೆ ಕೇಳಿಸುವಂತೆಯೇ ಹೇಳುತ್ತಿದ್ದಳು. ಹೇಳಲಿ ಬಿಡಿ, ನನಗಾಗ ಯಾವ ಮಾತೂ ತಾಗುತ್ತಿರಲಿಲ್ಲ. ಜಗತ್ತಿನಲ್ಲಿ ನಡೆಯುವುದೆಲ್ಲ ಕಾನೂನಿನ ಒಂದಲ್ಲ ಒಂದು ಕಲಮಿನ ಕೆಳಗೆ ಬಂದೇ ಬರುತ್ತದೆ ಎಂದು ನಂಬಿದ್ದೆ. ಒಲೆಯ ಮೇಲೆ ಹಾಲು ಉಕ್ಕಿದರೂ ಯಾರ ನಿರ್ಲಕ್ಷ್ಯದಿಂದ ಉಕ್ಕಿತು ಎಂದು ಅಲ್ಲೇ ನಿಂತು ವಿಚಾರಣೆ ಶುರು ಮಾಡುತ್ತಿದ್ದೆ.

ಸತ್ಯನಾರಾಯಣಪೇಟೆಯಲ್ಲಿ ನಮ್ಮ ಮನೆ. ಅಪ್ಪ ಕೋರ್ಟಿನಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಮೂವತ್ತು ವರ್ಷ ಬೇರೆಯವರ ವಾದ ಕೇಳಿ ಕೇಳಿ ಸ್ವಂತ ಮಾತು ಕಡಿಮೆಯಾಗಿತ್ತು. ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆ ಕಾಕಾನದು. ಸಂಬಂಧದಲ್ಲಿ ಕಾಕಾ ಅಲ್ಲ, ಹುಟ್ಟಿದಾಗಿನಿಂದ ಹಾಗೆಯೇ ಕರೆದಿದ್ದೇನೆ. ಸಿರುಗುಪ್ಪ ತಾಲ್ಲೂಕಿನ ರಾರಾವಿಯಿಂದ ಬಂದು, ಜೀನ್ಸ್ ಹೊಲಿಯುವ ಘಟಕವೊಂದರಲ್ಲಿ ಇಸ್ತ್ರಿ ಮಾಡುವ ಕೆಲಸಕ್ಕಿದ್ದ. ದಿನವಿಡೀ ಪ್ಯಾಂಟುಗಳ ಮೇಲೆ ಬಗ್ಗಿರುತ್ತಿದ್ದ ಆ ಮನುಷ್ಯ ವರ್ಷಕ್ಕೆ ಕೆಲವು ದಿನ ಮಾತ್ರ ನೆಟ್ಟಗೆ ನಿಲ್ಲುತ್ತಿದ್ದ. ಅವನು ರಾರಾವಿಯ ಬಯಲಾಟದ ಮೇಳದಲ್ಲಿ ರಾಜನ ಪಾತ್ರ ಮಾಡುವವನು.

ರಾಜನ ಕಿರೀಟ ಇರುತ್ತಿದ್ದದ್ದು ಕಾಕಾನ ಮನೆಯಲ್ಲೇ. ಹಗುರ ಕಟ್ಟಿಗೆಯಲ್ಲಿ ಕೆತ್ತಿ, ಕನ್ನಡಿ ಚೂರು ಕೂರಿಸಿ, ಚಿನ್ನದ ಬಣ್ಣದ ಬೇಗಡೆ ಹಚ್ಚಿದ ಹಳೇ ಕಿರೀಟ ಅದು. ಅವನ ಸ್ವಂತದ್ದಲ್ಲ, ಮೇಳದ್ದು. ಆದರೆ ಅವನ ಅಜ್ಜನ ಕಾಲದಿಂದ ಅದನ್ನು ಕಾಯುವ ಹಕ್ಕು ಆ ಮನೆಗೆ ಇತ್ತು. ಜೊತೆಗೆ ಒಂದು ಕಟ್ಟಳೆಯೂ ಇತ್ತು: ಇಟ್ಟುಕೊಂಡವರ ಅಸಡ್ಡೆಯಿಂದ ಕಿರೀಟಕ್ಕೆ ಪೆಟ್ಟಾದರೆ ಅದು ಬೇರೆ ಮನೆಗೆ ಹೋಗಬೇಕು, ಕಿರೀಟದ ಹಿಂದೆಯೇ ರಾಜನ ಪಾತ್ರವೂ ಹೋಗುತ್ತದೆ. ಪ್ರತಿ ವರ್ಷ ಹೋಳಿ ಹುಣ್ಣಿಮೆ ಮುಗಿದ ಕೂಡಲೇ ಕಾಕಾ ಅದಕ್ಕೆ ಹೊಸದಾಗಿ ಬಣ್ಣ ಹಚ್ಚಿ, ತನ್ನ ಮಾಳಿಗೆಯ ಮೇಲೆ ಮಂಚ ಹಾಕಿ, ಮೂರು ದಿನ ಬಿಸಿಲಿಗಿಟ್ಟು ಒಣಗಿಸುತ್ತಿದ್ದ. ಯುಗಾದಿ ಮರುದಿನ ಕುರುಗೋಡಿನಲ್ಲಿ ಆಟ.

ಆ ವರ್ಷ ಹೋಳಿ ಹುಣ್ಣಿಮೆಗೇ ಗ್ರಹಣ ಬಂತು.

ನಮ್ಮಂಥ ಮನೆಗಳಲ್ಲಿ ಗ್ರಹಣ ಎಂದರೆ ದರ್ಭೆ. ಹಾಲು, ಮೊಸರು, ತುಪ್ಪ, ಉಪ್ಪಿನಕಾಯಿ ಭರಣಿ, ಕುಡಿಯುವ ನೀರು, ಎಲ್ಲದರ ಮೇಲೂ ಒಂದೊಂದು ಎಳೆ ದರ್ಭೆ ಬೀಳಬೇಕು. ಬಿದ್ದರೆ ಗ್ರಹಣದ ಮೈಲಿಗೆ ಇಲ್ಲ. ಬೀಳದಿದ್ದರೆ ಅದನ್ನು ಚೆಲ್ಲಬೇಕು. ಅಡುಗೆಮನೆ ಅಮ್ಮನದು, ಮಾಳಿಗೆಯ ಮೇಲಿನ ಟ್ಯಾಂಕು ನನ್ನದು ಎಂದು ಕೆಲಸ ಹಂಚಿಕೆಯಾಗಿತ್ತು. ನಾನು ದರ್ಭೆಯನ್ನು ಪುಸ್ತಕದ ನಡುವೆ ಗುರುತಿಗೆ ಇಟ್ಟುಕೊಂಡು ಓದುತ್ತಾ ಕೂತೆ. ಏನು ಓದುತ್ತಿದ್ದೆ ಗೊತ್ತೇ? ಯಾರೂ ಊಹಿಸಲಾಗದ ನೈಸರ್ಗಿಕ ವಿಕೋಪದಿಂದ ನಷ್ಟವಾದರೆ ಅದಕ್ಕೆ ಹೊಣೆ ಯಾರು ಎನ್ನುವ ಅಧ್ಯಾಯ! ಈಗ ಅದನ್ನು ನೆನೆದರೆ ನಗು ಬರುತ್ತದೆ, ಕೂಡಲೇ ಮೈ ಉರಿಯುತ್ತದೆ.

ಗ್ರಹಣ ಬಿಟ್ಟು ಸ್ನಾನ ಮುಗಿಸಿ ಬಂದ ಅಮ್ಮ ಕೇಳಿದಳು, "ಟ್ಯಾಂಕಿಗೆ ದರ್ಭೆ ಹಾಕಿದಿಯೇನೇ?"

ನಾನು ಪುಸ್ತಕ ತೆರೆದೆ. ದರ್ಭೆ ಅಲ್ಲೇ ಮಲಗಿತ್ತು.

"ಅಯ್ಯೋ ರಾಮಾ! ಇನ್ನು ಆ ನೀರು ಯಾತಕ್ಕೂ ಬರೂದಿಲ್ಲ. ಚೆಲ್ಲು ನಡಿ."

ನಮ್ಮ ಬೀದಿಗೆ ನಲ್ಲಿ ನೀರು ಯಾವತ್ತು ಬರುತ್ತದೆ ಎಂದು ಪಂಚಾಂಗದಲ್ಲೂ ಬರೆದಿರುವುದಿಲ್ಲ. ಅಂಥ ಊರಿನಲ್ಲಿ ಟ್ಯಾಂಕು ತುಂಬ ನೀರು ಚೆಲ್ಲುವುದೆಂದರೆ ಹೊಟ್ಟೆ ಚುರ್ ಎನ್ನುತ್ತದೆ. ಆದರೂ ಮಾಳಿಗೆ ಹತ್ತಿ ಕೆಳಗಿನ ತಿರುಪು ಬಿಚ್ಚಿದೆ. ನೀರು ಭೋರೆಂದು ಮಾಳಿಗೆ ತೋಯಿಸಿ, ಮಾಳಿಗೆಯಂಚಿನ ದೋಣಿಯಿಂದ ಬೀದಿಗೆ ಹಾರಿತು. ಪಕ್ಕದ ಮಾಳಿಗೆಯ ಮೇಲೆ ಕಾಕಾ ಮಂಚ ಸರಿಮಾಡುತ್ತಿದ್ದ.

"ತಂಗೀ, ಎಲ್ಲಾ ಬಿಡಬ್ಯಾಡ. ಮೊಣಕಾಲುದ್ದ ನೀರು ಇರ್ಲಿ. ಈ ಬಿಸಿಲಿಗೆ ಸುಂಟರಗಾಳಿ ಯಾವಾಗ ಏಳತೈತೋ ಹೇಳಾಕ ಬರಂಗಿಲ್ಲ. ಖಾಲಿ ಟ್ಯಾಂಕು ನಿಲ್ಲಂಗಿಲ್ಲ ನೋಡು."

"ಈ ತಿಂಗಳಿನಾಗ ಎಲ್ಲಿ ಗಾಳಿ ಕಾಕಾ? ನಾಳೆ ಟ್ಯಾಂಕರ್ ತರಿಸಿ ತುಂಬಿಸ್ತೀನಿ," ಎಂದು ನಕ್ಕೆ.

"ತುಂಬಿಸ್ತೀಯಲ್ಲ? ಹಂಗಾದ್ರ ನಾ ಕಿರೀಟ ಇಲ್ಲೇ ಒಣಗಾಕಿಡ್ತೀನಿ. ನಮ್ಮ ಮನಿಗೆ ಬಿಸಿಲು ಬೀಳಾದು ಇದೊಂದ ಮೂಲಿಗೆ."

"ಇಡು ಕಾಕಾ, ಇಡು," ಎಂದೆ, ದೊಡ್ಡ ನ್ಯಾಯಾಧೀಶೆಯ ಹಾಗೆ.

ಮರುದಿನ ಕೋರ್ಟು. ಅದರ ಮರುದಿನವೂ ಕೋರ್ಟು. ಮನೆಯಲ್ಲಿ ಕೊಡಗಳಲ್ಲಿ ನೀರು ಹಿಡಿದಿಟ್ಟುಕೊಂಡು ಕೆಲಸ ಸಾಗಿತು. ಟ್ಯಾಂಕರಿಗೆ ಫೋನ್ ಮಾಡುವುದು ನನ್ನ ತಲೆಯಿಂದ ಪೂರಾ ಹಾರಿಹೋಯಿತು.

ಮೂರನೆಯ ದಿನ ರಜೆ. ಮಧ್ಯಾಹ್ನ ಮೂರೂವರೆ ಇರಬಹುದು, ಮಾಳಿಗೆಯ ಮೇಲೆ ಒಗೆದ ಬಟ್ಟೆ ಮಡಚುತ್ತಿದ್ದೆ. ಗುಡ್ಡದ ಕಡೆಯಿಂದ ಕೆಂಪು ಧೂಳು ಎದ್ದು ನಿಂತಿತು. ನಿಂತಿತು ಎಂದೆನೇ? ಓಡಿ ಬಂತು! ಪ್ಲಾಸ್ಟಿಕ್ ಚೀಲಗಳು, ಒಣ ಎಲೆ, ಯಾರದೋ ಹಳದಿ ಟವೆಲ್ಲು ಎಲ್ಲ ತಲೆಯ ಮೇಲೆ ಗಿರಗಿರ ತಿರುಗಿದವು. ಕಣ್ಣಿಗೆ ಮಣ್ಣು ಬಿತ್ತು. ಹಿಂದಿನಿಂದ ಪೈಪು ಪಟ್ಟನೆ ಮುರಿದ ಸದ್ದಾಯಿತು. ತಿರುಗಿ ನೋಡುತ್ತೇನೆ, ನಮ್ಮ ಟ್ಯಾಂಕು ಕಟ್ಟೆ ಬಿಟ್ಟು ಎದ್ದಿದೆ! ಅಷ್ಟು ದೊಡ್ಡ ಕರಿ ಟ್ಯಾಂಕು ಒಂದು ಕ್ಷಣ ಗಾಳಿಯಲ್ಲಿ ನಿಂತು, ಯೋಚನೆ ಮಾಡಿ, ಎರಡು ಮಾಳಿಗೆಗಳ ನಡುವಿನ ಗಿಡ್ಡಗೋಡೆ ದಾಟಿ ಕಾಕಾನ ಮಾಳಿಗೆಗೆ ಜಿಗಿಯಿತು. ಕಿರೀಟ ಒಳಗೆ ಒಯ್ಯಲು ಕಾಕಾ ಮೆಟ್ಟಿಲು ಹತ್ತಿ ಓಡಿ ಬರುತ್ತಿದ್ದ. ಕೈ ಚಾಚಿದ್ದ. ಮೂರು ಹೆಜ್ಜೆ ಬಾಕಿ ಇತ್ತು, ಅಷ್ಟೇ. ಟ್ಯಾಂಕು ಮಂಚದ ಮೇಲೆ ಬಿದ್ದು, ಉರುಳಿ, ಮೂಲೆಗೆ ಹೋಗಿ ನಿಂತಿತು. ಗಾಳಿಯೂ ಬಂದ ಕೆಲಸ ಮುಗಿಯಿತೆನ್ನುವಂತೆ ಇಳಿಯಿತು.

ಕಿರೀಟ ನಡುಮಧ್ಯೆ ಸೀಳಿತ್ತು. ಕನ್ನಡಿ ಚೂರುಗಳು ಮಾಳಿಗೆಯ ತುಂಬ ಹೊಳೆಯುತ್ತಿದ್ದವು. ಕಾಕಾ ಎರಡು ಹೋಳನ್ನೂ ತೊಡೆಯ ಮೇಲಿಟ್ಟುಕೊಂಡು ಕೂತ. ಕೈಗೆಟುಕಿದ ಚೂರುಗಳನ್ನು ಒಂದೊಂದಾಗಿ ಆರಿಸತೊಡಗಿದ.

ನಾನು ಮಾತಾಡಿದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಗಿಡ್ಡಗೋಡೆಯ ಈಚೆ ನಿಂತು ನಾನು ಕೂಗಿದ ಮೊದಲ ಮಾತು, "ಕಾಕಾ, ಇದು ಆಕ್ಟ್ ಆಫ್ ಗಾಡ್!"

ಹೆದರಿಕೆ ಇತ್ತು. ಅದರ ಮೇಲೆ ಒಂದು ಪದರ ಹುರುಪೂ ಇತ್ತು. ಪುಸ್ತಕದಲ್ಲಿ ಓದಿದ್ದು ಮೂರೇ ದಿನದಲ್ಲಿ ಕಣ್ಣೆದುರು ಹಾರಿ ಬಂದರೆ ಯಾವ ಹೊಸ ವಕೀಲಳಿಗೆ ರೋಮ ನಿಮಿರುವುದಿಲ್ಲ? ಇನ್ನೊಂದು ವಿಚಿತ್ರವೂ ತಲೆಗೆ ಹೊಳೆಯಿತು. ಆ ಪುಸ್ತಕದ ಮೊಕದ್ದಮೆಗಳಲ್ಲೆಲ್ಲ ಒಬ್ಬ ಕೂಡಿಟ್ಟ ನೀರು ಒಡೆದು ಹರಿದು ಪಕ್ಕದವನಿಗೆ ನಷ್ಟ. ನಮ್ಮದರಲ್ಲಿ ನೀರಿಲ್ಲದ್ದರಿಂದ ನಷ್ಟ! ಇದನ್ನು ನಾಳೆಯೇ ಕೋರ್ಟಿನಲ್ಲಿ ಯಾರಿಗಾದರೂ ಹೇಳಬೇಕು ಎಂದುಕೊಂಡೆ. ಹಾಗೆ ಅಂದುಕೊಂಡ ತಲೆಯನ್ನು ಈಗ ಸಿಕ್ಕರೆ ಎರಡು ತಟ್ಟುತ್ತೇನೆ.

ಸುದ್ದಿ ರಾರಾವಿಗೆ ಮುಟ್ಟಲು ಹೊತ್ತು ಬೇಕಾಗಲಿಲ್ಲ. ಬರುವ ಭಾನುವಾರ ಕಿರೀಟ ತೆಗೆದುಕೊಂಡು ಬಾ ಎಂದು ಮೇಳದವರು ಹೇಳಿ ಕಳಿಸಿದರು. ಆ ಸಂಜೆ ಕಾಕಾ ನಮ್ಮ ಬಾಗಿಲಿಗೆ ಬಂದ.

"ತಂಗೀ, ನೀ ಅವತ್ತು ಅಂದ್ಯಲ್ಲ, ದೇವರು ಮಾಡಿದ್ದು ಅಂತ. ಅದನ್ನ ಅವರ ಮುಂದ ಬಂದು ಹೇಳ್ತಿಯೇನವ್ವಾ? ನನಗ ಮಾತಾಡಾಕ ಬರಂಗಿಲ್ಲ. ಆಟದಾಗ ಮಾಸ್ತರ ಕಲಿಸಿದ್ದಷ್ಟ ಬರತೈತಿ. ಕಿರೀಟ ಬ್ಯಾರೆ ಮನಿಗೆ ಹೋತಂದ್ರ ನಮ್ಮಪ್ಪಗ ನಾ ಏನು ಹೇಳಲಿ?"

ಅವನಪ್ಪ ತೀರಿಕೊಂಡು ಹತ್ತು ವರ್ಷವಾಗಿತ್ತು.

ನನ್ನ ಮೊದಲ ಸ್ವತಂತ್ರ ಕೇಸು! ಮರುದಿನ ನಮ್ಮ ಸೀನಿಯರ್ ವಕೀಲರ ಮುಂದೆ ಒಂದೇ ಉಸಿರಿಗೆ ಎಲ್ಲ ಒದರಿದೆ. ಅಂದರೆ, ಟ್ಯಾಂಕು ಯಾಕೆ ಖಾಲಿ ಇತ್ತು ಎನ್ನುವುದನ್ನು ಬಿಟ್ಟು ಎಲ್ಲ. ಅವರು ಕಡತದಿಂದ ತಲೆ ಎತ್ತದೆ ಹೇಳಿದರು, "ಗಾಳಿ ಬೀಸಿತು ಅನ್ನೋದು ಅರ್ಧ ವಾದ. ಯಾರ ಕೈವಾಡವೂ ಇರಲಿಲ್ಲ, ಎಷ್ಟು ಎಚ್ಚರ ವಹಿಸಿದರೂ ತಪ್ಪಿಸೋಕೆ ಆಗ್ತಿರಲಿಲ್ಲ ಅನ್ನೋದು ಉಳಿದರ್ಧ. ಅರ್ಧ ಹಿಡ್ಕೊಂಡು ಹೋಗಬೇಡ." ನಾನು ಮೊದಲರ್ಧವನ್ನು ಬರೆದುಕೊಂಡೆ, ಉಳಿದರ್ಧಕ್ಕೆ ತಲೆಯಾಡಿಸಿದೆ.

ಭಾನುವಾರ ಬೆಳಗ್ಗೆ ಹೊರಟೆವು. ಯಾರೂ ಕರೆಯದಿದ್ದರೂ ಅಪ್ಪ ಶಲ್ಯ ಹೊದ್ದುಕೊಂಡು ಬಂದು ಬಸ್ಸು ಹತ್ತಿದರು. ಸಿರುಗುಪ್ಪ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಬೇಸಿಗೆ ಭತ್ತ ಹಸಿರಾಗಿ ನಿಂತಿತ್ತು. ಕಾಕಾ ಬಿಳಿ ಪಂಚೆಯಲ್ಲಿ ಸುತ್ತಿದ ಹೋಳುಗಳನ್ನು ತೊಡೆಯ ಮೇಲಿಂದ ಇಳಿಸಲೇ ಇಲ್ಲ. ನಾನು ಕಿಟಕಿಯ ಕಡೆ ಮುಖ ಮಾಡಿ ವಾದ ಒಪ್ಪಿಸಿಕೊಳ್ಳುತ್ತಿದ್ದೆ. ಕಂಡಕ್ಟರು ನನಗೇನೋ ಆಗಿದೆ ಎಂದುಕೊಂಡಿರಬೇಕು, ಟಿಕೆಟ್ಟನ್ನು ಅಪ್ಪನ ಕೈಗೆ ಕೊಟ್ಟ.

ಆಟದ ತಾಲೀಮು ನಡೆಯುವ ತಗಡಿನ ಚಪ್ಪರದಲ್ಲಿ ಜಮಖಾನ ಹಾಸಿದ್ದರು. ಮೇಳದ ಹತ್ತು ಹನ್ನೆರಡು ಮಂದಿ ಕೂತಿದ್ದರು. ನಡುವೆ ಆಟ ಕಲಿಸುವ ಮಾಸ್ತರು, ಎಂಬತ್ತರ ಹತ್ತಿರದ ಮುದುಕ, ಧ್ವನಿ ಮಾತ್ರ ಇಪ್ಪತ್ತರದ್ದು. ಪಂಚೆ ಬಿಚ್ಚಿ ಹೋಳುಗಳನ್ನು ಇಟ್ಟಾಗ ಯಾರೋ ತುಟಿ ಕಚ್ಚಿಕೊಂಡು ಉಸಿರೆಳೆದರು. ಮಾಸ್ತರು ಬೆರಳಿನಿಂದ ಸೀಳಿನ ಅಂಚು ಸವರಿ, ನನ್ನ ಕಡೆ ನೋಡಿದರು.

"ಚೆಪ್ಪು ತಲ್ಲೀ. ಏನು ಹೇಳಾಕ ಬಂದಿ, ಹೇಳು."

ಎದ್ದು ನಿಂತೆ. ಕರಿ ಕೋಟು ಹಾಕಿಕೊಂಡೇ ಹೋಗಿದ್ದೆ, ಬೆವರು ಕಾಲಿಗಿಳಿಯುತ್ತಿತ್ತು. ಹೇಳಿದೆ ನೋಡಿ! ಒಬ್ಬರ ವಸ್ತುವನ್ನು ನಂಬಿಕೆಯಿಂದ ಇಟ್ಟುಕೊಂಡವನು ಅದನ್ನು ತನ್ನ ಸ್ವಂತದ್ದರಂತೆ ನೋಡಿಕೊಂಡರೆ ಸಾಕು, ಅದಕ್ಕಿಂತ ಹೆಚ್ಚಿನದನ್ನು ಕಾನೂನು ಕೇಳುವುದಿಲ್ಲ ಎಂದೆ. ಭೂಕಂಪ, ಸಿಡಿಲು, ಪ್ರವಾಹ, ಬಿರುಗಾಳಿ, ಇವು ಮನುಷ್ಯನನ್ನು ಕೇಳಿ ಬರುವುದಿಲ್ಲ ಎಂದೆ. ಯುಗಾದಿಗೂ ಮುಂಚೆ ಇಂಥ ಗಾಳಿಯನ್ನು ಬಳ್ಳಾರಿಯಲ್ಲಿ ಯಾರೂ ಕಂಡಿಲ್ಲ, ಕಾಣದ್ದನ್ನು ಊಹಿಸುವುದು ಹೇಗೆ, ಊಹಿಸಲಾಗದ್ದಕ್ಕೆ ಹೊಣೆ ಹೊರಿಸುವುದು ಯಾವ ನ್ಯಾಯ ಎಂದು ಕೈ ಎತ್ತಿ ಕೇಳಿದೆ. ಹಿಂದಿನ ಸಾಲಿನವರೊಬ್ಬರು "ಖರೇ ಐತಿ" ಎಂದರು. ತಲೆಗಳು ಆಡತೊಡಗಿದವು. ಗೆದ್ದೆ, ಗೆದ್ದೇಬಿಟ್ಟೆ ಎಂದು ನನ್ನ ಎದೆ ಡೋಲು ಬಾರಿಸಿತು.

ಮಾಸ್ತರು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ನಿಧಾನಕ್ಕೆ ಕೇಳಿದರು.

"ಚಲೋ ಮಾತಾಡ್ತಿ ವಕೀಲಮ್ಮಾ. ನಾವು ಭತ್ತ ತೂರೋ ಮಂದಿ. ಗಾಳಿಗೆ ಜೊಳ್ಳು ಹಾರತೈತಿ, ಕಾಳು ಅಲ್ಲೇ ಬೀಳತೈತಿ. ಟ್ಯಾಂಕು ಹಾರ್ತು ಅಂದ್ರ ಅದರಾಗ ನೀರಿದ್ದಿಲ್ಲ ಅಂದಂಗಾತು. ಹೌದಿಲ್ಲೋ?"

ಮಾಸ್ತರು ನನ್ನ ಉತ್ತರಕ್ಕೆ ಕಾಯದೆ ಕಾಕಾನ ಕಡೆ ತಿರುಗಿದರು.

"ಏನಲೇ, ಖಾಲಿ ಇತ್ತೇನು?"

ಕಾಕಾ ಜಮಖಾನದ ಅಂಚು ನೋಡುತ್ತಾ ಹೇಳಿದ, "ಗಾಳಿ ಭಾಳ ಇತ್ತುರಿ ಮಾಸ್ತರ."

"ಗಾಳಿ ಕೇಳಲಿಲ್ಲ ನಾನು. ಟ್ಯಾಂಕು ಕೇಳಿದೆ. ಖಾಲಿ ಇದ್ದದ್ದು ನಿನಗ ಗೊತ್ತಿತ್ತೋ ಇಲ್ಲೋ?"

"ಗೊತ್ತಿತ್ತುರಿ."

"ಗೊತ್ತಿದ್ದೂ ಅದರ ಮಗ್ಗಲಕ್ಕ ಇಟ್ಟಿ. ಮತ್ತ ಇದರಾಗ ದೇವರ ತಪ್ಪೇನು ಬಂತು? ಅಸಡ್ಡಿ ನಿಂದ."

ಕಾಕಾ ತಲೆ ಎತ್ತಲಿಲ್ಲ. ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಬ್ಯಾಡ ಅಂದಿದ್ದೆ, ತುಂಬಿಸ್ತೀನಿ ಅಂತ ಇದೇ ಹುಡುಗಿ ಮಾತು ಕೊಟ್ಟಿದ್ದಳು, ಅದನ್ನ ನಂಬಿ ಇಟ್ಟೆ. ಅಷ್ಟು ಹೇಳಿದ್ದರೆ ಅವನು ಪಾರು. ಅವನು ಹೇಳಲಿಲ್ಲ. ಮಾಸ್ತರ ಕೈ ಹೋಳುಗಳನ್ನು ಮತ್ತೆ ಪಂಚೆಯಲ್ಲಿ ಸುತ್ತಿ ಎಳೆದುಕೊಳ್ಳತೊಡಗಿತು, ಕಾಕಾನ ಕಡೆಗಲ್ಲ, ತನ್ನ ಕಡೆಗೆ. ನಾನು ಅಪ್ಪನ ಮುಖ ನೋಡಿದೆ. ಅಪ್ಪ ನನ್ನನ್ನೇ ನೋಡುತ್ತಿದ್ದರು. ಅವರಿಗೆ ದರ್ಭೆಯ ವಿಷಯ ಗೊತ್ತು, ನೀರು ಚೆಲ್ಲಿದ್ದು ಗೊತ್ತು. ಗಿಡ್ಡಗೋಡೆಯ ಆಚೀಚೆ ನಿಂತು ಆಡಿದ ಮಾತು ನನಗೂ ಕಾಕಾನಿಗೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಮೊಸರು ತಾನು ತಿಂದು ಮೇಕೆಯ ಬಾಯಿಗೆ ಒರೆಸಿದ ಕೋತಿಯ ಕಥೆ ನಮಗೆಲ್ಲ ಗೊತ್ತು. ನಾನು ಅದಕ್ಕಿಂತ ಹೆಚ್ಚಿನವಳು, ದೇವರ ಬಾಯಿಗೇ ಒರೆಸಿದ್ದೆ. ಮೇಕೆಯ ಹಾಗೆ ತಲೆ ಬಗ್ಗಿಸಿ ಕಾಕಾ ಕೂತಿದ್ದ. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಬೇಡಿ, ಮೊದಲು ಅವನ ಮೇಲೆಯೇ ಬಂತು. ಬಾಯಿ ಬಿಟ್ಟು ನನ್ನ ಹೆಸರು ಹೇಳಬಾರದೇ ಈ ಮನುಷ್ಯ?

"ತಡೀರಿ ಮಾಸ್ತರೇ!" ಎಂದು ಕೂಗಿದೆ. ಧ್ವನಿ ಚಪ್ಪರದ ತಗಡಿಗೆ ಬಡಿಯಿತು. "ನನ್ನ ವಾದ ಮುಗಿದಿಲ್ಲ. ಇನ್ನೂ ಅರ್ಧ ಅದ."

ಆಮೇಲೆ ಹೇಳಿದ್ದು ಯಾವ ಪುಸ್ತಕದ್ದೂ ಅಲ್ಲ. ದರ್ಭೆ ಹಾಕಲು ಮರೆತದ್ದು, ನೀರು ಚೆಲ್ಲಿದ್ದು, ಕಾಕಾ ಬೇಡವೆಂದದ್ದು, ನಾನು ನಕ್ಕದ್ದು, ನಾಳೆ ತುಂಬಿಸುತ್ತೇನೆಂದು ಮಾತು ಕೊಟ್ಟು ಮರೆತದ್ದು. ನಡುವೆ ಎರಡು ಸಲ ಅಳು ಬಂತು, ನಿಲ್ಲಿಸದೆ ಹೇಳಿದೆ. "ಗಾಳಿ ಬರ್ತದ ಅಂತ ಕಾಕಾ ಮೊದಲೇ ಹೇಳಿದ್ದ. ಹೇಳಿದ ಮ್ಯಾಲೆ ಅದು ಯಾರೂ ಊಹಿಸದ ಗಾಳಿ ಹೆಂಗಾಗ್ತದ್ರಿ? ಇದು ದೇವರ ಕೆಲಸ ಅಲ್ಲ, ನನ್ನ ಕೆಲಸ. ಕಾಕಾನ ಮ್ಯಾಲೆ ಹಾಕಬ್ಯಾಡ್ರಿ."

ಮಾಸ್ತರು ಕಾಕಾನನ್ನು ದಿಟ್ಟಿಸಿದರು. "ಈಕಿ ಹೇಳೋದು ಖರೇ ಏನಲೇ?"

"ಸಣ್ಣ ಹುಡುಗಿ ರೀ. ಕೆಲಸದ ಗದ್ದಲದಾಗ ಮರತಾಳ."

ಮಾಸ್ತರು ಪಂಚೆಯನ್ನು ಮತ್ತೆ ಬಿಚ್ಚಿ, ಎರಡು ಹೋಳನ್ನೂ ಎತ್ತಿ ಕಾಕಾನ ಮುಂದಿಟ್ಟರು.

"ಗಾಳಿ ದೇವರದು. ಖಾಲಿ ಟ್ಯಾಂಕು ಈ ವಕೀಲಮ್ಮಂದು. ಕಿರೀಟ ಇದ್ದ ಮನ್ಯಾಗ ಇರ್ಲಿ." ನನ್ನ ಕಡೆ ತಿರುಗಿದರು. "ನಿನಗ ದಂಡ ಐತಿ. ಬಡಿಗ್ಯಾರು ಜೋಡಿಸಿ ಕೊಟ್ಟ ಮ್ಯಾಲ ಬಣ್ಣ ಒಣಗೋ ತನಕ ಕಿರೀಟದ ಮಗ್ಗಲಕ್ಕ ನೀನ ಕುಂದ್ರಬೇಕು. ಈ ವರ್ಷ ಒಂದ ಅಲ್ಲ, ವರ್ಷಾ ವರ್ಷಾ. ಒಪ್ಪಿಗಿ ಏನು?"

"ಒಪ್ಪಿಗೆ!" ಎಂದೆ. ಕೇಸು ಗೆದ್ದ ಯಾವ ದಿನವೂ ಆಮೇಲೆ ನಾನು ಅಷ್ಟು ಜೋರಾಗಿ ಕೂಗಿಲ್ಲ.

ಬಸ್ ನಿಲ್ದಾಣಕ್ಕೆ ನಡೆಯುವಾಗ ಅಪ್ಪ ಶಲ್ಯದಿಂದ ಬೆವರು ಒರೆಸಿಕೊಂಡು ಹೇಳಿದರು, "ಇವತ್ತು ಪೂರ್ತಿ ವಾದ ಕೇಳಿದೆ." ಮೂವತ್ತು ವರ್ಷ ಕೋರ್ಟಿನಲ್ಲಿದ್ದವರ ಬಾಯಿಂದ ಬಂದ ಆ ಮಾತನ್ನು ನಾನು ಯಾವ ಪ್ರಶಸ್ತಿಗೂ ಬಿಟ್ಟುಕೊಡುವುದಿಲ್ಲ.

ಬಡಿಗೇರರು ಹೋಳುಗಳನ್ನು ಜೋಡಿಸಿದರು. ಕನ್ನಡಿ ಚೂರುಗಳನ್ನು ಅಪ್ಪ ಕನ್ನಡಕ ಏರಿಸಿಕೊಂಡು ಒಂದೊಂದಾಗಿ ಅಂಟಿಸಿದರು. ಕೈಗೆ ಹತ್ತಿದ ಗೋಂದು ಬಿಡಿಸಲು ಅಮ್ಮ ಗೊಣಗುತ್ತಾ ಬಿಸಿನೀರು ಕೊಟ್ಟಳು. ಮೂರು ದಿನ ಕೋರ್ಟಿಗೆ ರಜೆ ಹಾಕಿ, ಮಂಚದ ಪಕ್ಕ ಕೊಡೆ ಬಿಚ್ಚಿಕೊಂಡು ಕೂತೆ. ಹೋಗಿ ಬರುವವರೆಲ್ಲ ಕೆಳಗಿನಿಂದ ಕತ್ತೆತ್ತಿ, "ಏನ್ ಲಾಯರಮ್ಮಾ, ಅರಮನಿ ಕಾವಲೇನು?" ಎಂದು ಕೇಳಿದರು. ಹೌದು ಎಂದೆ. ಹೊಸ ಟ್ಯಾಂಕಿನಲ್ಲಿ ಮೊಣಕಾಲುದ್ದ ಅಲ್ಲ, ಕಂಠಮಟ್ಟ ನೀರಿತ್ತು.

ಯುಗಾದಿ ಮರುದಿನ ಕುರುಗೋಡಿಗೆ ಎಲ್ಲರೂ ಹೋದೆವು. ಬಿಸಿಲು ಇನ್ನೂ ಇಳಿದಿರಲಿಲ್ಲ, ರಂಗದ ಹಿಂದಿನ ಚಪ್ಪರದಲ್ಲಿ ಕಾಕಾ ಮುಖಕ್ಕೆ ಬಣ್ಣ ಹಚ್ಚಿಸಿಕೊಳ್ಳುತ್ತಿದ್ದ. ಕಿರೀಟ ನನ್ನ ತೊಡೆಯ ಮೇಲಿತ್ತು. ಎಷ್ಟೋ ದಿನದಿಂದ ಕೇಳಬೇಕೆಂದಿದ್ದನ್ನು ಕೇಳಿಯೇಬಿಟ್ಟೆ.

"ಕಾಕಾ, ಅವತ್ತು ನನ್ನ ಹೆಸರು ಯಾಕ ಹೇಳಲಿಲ್ಲ? ಕಿರೀಟ ಹೋಗಿಬಿಡ್ತಿತ್ತಲ್ಲ."

ಹುಬ್ಬಿಗೆ ಕಪ್ಪು ತೀಡಿಸಿಕೊಳ್ಳುತ್ತಿದ್ದವನು ಕಣ್ಣು ಬಿಡದೆ ಹೇಳಿದ, "ಹೋದ್ರ ಹೋಗ್ತಿತ್ತು. ನಲ್ಲಿ ಬರದ ದಿನ ನಾ ಕೊಡ ಹಿಡಕೊಂಡು ಬರೋದು ನಿಮ್ಮ ಮನಿಗಲ್ಲೇನು ತಂಗೀ? ನಿಮ್ಮಪ್ಪನ ಮಾನ ಊರ ಮುಂದ ಇಳಿಸಿ, ಆಮ್ಯಾಲ ಯಾವ ಮುಖ ಇಟ್ಟುಗೊಂಡು ಬರ್ಲಿ?"

ಕಿರೀಟವನ್ನು ಎರಡೂ ಕೈಯಲ್ಲಿ ಎತ್ತಿ ಅವನ ಕಡೆ ಚಾಚಿದೆ. ಅವನು ತಲೆ ಬಗ್ಗಿಸಿದ, "ಗಟ್ಟಿ ಕಟ್ಟವ್ವಾ, ಗಾಳಿ ಐತಿ" ಎಂದ. ದಾರ ಎಳೆದು ಗಂಟು ಹಾಕಿದೆ.

ಡೋಲು, ತಾಳ ಜೋರಾದವು. ಪರದೆ ಸರಿಸಿ ಕಾಕಾ ರಂಗಕ್ಕೆ ನುಗ್ಗಿ ಎರಡು ಸುತ್ತು ಗಿರ್ರನೆ ತಿರುಗಿ ನಿಂತ. ಇಳಿಬಿಸಿಲು ಕಿರೀಟದ ನೂರು ಕನ್ನಡಿಗಳಲ್ಲಿ ಹೊಳೆಯಿತು. ನಡುವಿನ ಜೋಡಣೆಯ ಗೆರೆ ನನಗೊಬ್ಬಳಿಗೇ ಕಂಡಿತು. ನಾನು ಎದ್ದು ನಿಂತು ಚಪ್ಪಾಳೆ ತಟ್ಟಿ ಕೂಗತೊಡಗಿದೆ. "ಏ ಯವ್ವಾ, ಕುಂದ್ರ, ನಮಗ ಆಟ ಕಾಣವಲ್ದು" ಎಂದು ಹಿಂದಿನವರು ಬೈದರು. ನಾನು ಕೂರಲಿಲ್ಲ.